ಆ 75 ರೂಪಾಯಿಯ ಮಾತನ್ನು ಯಾರೂ ಎತ್ತುವುದಿಲ್ಲ

ರಾಮಾನುಜನ್ ಬಡತನದಲ್ಲೇ ಅರಳಿದರಂತೆ. ಅವರಿಗೆ ಯಾವ ಸವಲತ್ತೂ ಬೇಕಾಗಲಿಲ್ಲವಂತೆ. ಈಗಿನ ಮಕ್ಕಳಿಗೆ ಎಲ್ಲ ಇದ್ದೂ ಕಲಿಯುವ ಹಸಿವೇ ಇಲ್ಲವಂತೆ. ರಾಷ್ಟ್ರೀಯ ಗಣಿತ ದಿನದ ನೆಪದಲ್ಲಿ ವಿಶ್ವವಿದ್ಯಾಲಯವೊಂದರ ಗಣಿತ ವಿಭಾಗಕ್ಕೆ ಹೋಗಿ ಇಷ್ಟನ್ನೂ ಕೇಳಿಸಿಕೊಂಡು ಬಂದಿದ್ದೇನೆ. ಶಾಲು, ಹಾರ, ನೆನಪಿನ ಕಾಣಿಕೆ ಎಲ್ಲವೂ ಸಾಂಗವಾಗಿ ನೆರವೇರಿದವು. ನನ್ನ ತಲೆನೋವು ಮಾತ್ರ ಇನ್ನೂ ಇಳಿದಿಲ್ಲ.

ಸಭಾಂಗಣದಿಂದ ಹೊರಬಂದರೆ ಎದುರಿಗೇ ಸೂಚನಾ ಫಲಕ. ಗಾಜಿನ ಬಾಗಿಲು, ಅದಕ್ಕೊಂದು ಪುಟ್ಟ ಬೀಗ. ಒಳಗೆ ಪರೀಕ್ಷಾ ಶುಲ್ಕ ಕಟ್ಟಲು ಕೊನೆಯ ದಿನಾಂಕ, ದಂಡದೊಂದಿಗೆ ಕಟ್ಟಲು ಕೊನೆಯ ದಿನಾಂಕ, ಹಾಜರಾತಿ ಕಡಿಮೆ ಇರುವವರ ಪಟ್ಟಿ. ಮೂಲೆಯಲ್ಲಿ, ವೇಳಾಪಟ್ಟಿಯ ಅಡಿಗೆ ಅರ್ಧ ಸೇರಿಹೋದ ಒಂದು ಹಾಳೆ: ವಿಜ್ಞಾನ ಅಕಾಡೆಮಿಗಳ ಬೇಸಿಗೆ ಸಂಶೋಧನಾ ಫೆಲೋಶಿಪ್. ಅರ್ಜಿಯ ಗಡುವು ಮುಗಿದದ್ದು ನವೆಂಬರ್‌ನಲ್ಲಿ. ಹಾಳೆಯ ಮೇಲೆ ವಿಭಾಗದ ಮೊಹರು ಬಿದ್ದದ್ದು ಡಿಸೆಂಬರ್‌ನಲ್ಲಿ. ದಂಡದ ನೋಟಿಸು ಒಂದು ದಿನವೂ ತಡವಾಗುವುದಿಲ್ಲ, ಗಮನಿಸಿ.

ಪಕ್ಕದಲ್ಲಿ ಎಂ.ಎಸ್ಸಿ. ಕೊನೆಯ ವರ್ಷದ ಇಬ್ಬರು ಹುಡುಗಿಯರು ಚಹಾ ಕುಡಿಯುತ್ತಿದ್ದರು. ಎನ್‌ಬಿಎಚ್‌ಎಂ ಪರೀಕ್ಷೆ ಬರೆಯುತ್ತೀರಾ ಎಂದು ಕೇಳಿದೆ. ಗಣಿತದ ವಿದ್ಯಾರ್ಥಿವೇತನಕ್ಕಾಗಿ ನಡೆಯುವ ಪರೀಕ್ಷೆ ಅದು. "ಅದು ಯಾವ ಬ್ಯಾಂಕಿನ ಪರೀಕ್ಷೆ ಮೇಡಂ?" ಎಂದಳು ಒಬ್ಬಳು. ಇನ್ನೊಬ್ಬಳು ಬಿ.ಇಡಿ. ಅರ್ಜಿಯ ಚಿಂತೆಯಲ್ಲಿದ್ದಳು. ಇಬ್ಬರೂ ತರಗತಿಯಲ್ಲಿ ಮುಂದಿರುವವರು ಎಂದು ಆಮೇಲೆ ತಿಳಿಯಿತು.

ಭಾಷಣಕಾರರು ನುಂಗಿಕೊಂಡ ಭಾಗವನ್ನು ನಾನೇ ಹೇಳುತ್ತೇನೆ. ಗಣಿತ ಬಿಟ್ಟು ಉಳಿದ ವಿಷಯಗಳನ್ನು ಕೈಬಿಟ್ಟು, ಕುಂಭಕೋಣಂ ಕಾಲೇಜಿನ ವಿದ್ಯಾರ್ಥಿವೇತನವನ್ನು ಕಳೆದುಕೊಂಡವರು ರಾಮಾನುಜನ್. ನೋಟುಪುಸ್ತಕ ಹಿಡಿದು ದೊಡ್ಡವರ ಬಾಗಿಲು ತಟ್ಟಿದವರು. ಮದ್ರಾಸ್ ಪೋರ್ಟ್ ಟ್ರಸ್ಟ್‌ನಲ್ಲಿ ತಿಂಗಳಿಗೆ 30 ರೂಪಾಯಿಯ ಗುಮಾಸ್ತರಾಗಿದ್ದಾಗ, ಹವಾಮಾನ ಇಲಾಖೆಯ ಮುಖ್ಯಸ್ಥ ಗಿಲ್ಬರ್ಟ್ ವಾಕರ್ ಈ ಗುಮಾಸ್ತರ ಗಣಿತದ ಕೆಲಸವನ್ನು ನೋಡಿ ವಿಶ್ವವಿದ್ಯಾಲಯಕ್ಕೆ ಪತ್ರ ಬರೆದರು. 1913ರಲ್ಲಿ, ಪದವಿಯೇ ಇಲ್ಲದ ಆ ಗುಮಾಸ್ತರಿಗೆ ಮದ್ರಾಸ್ ವಿಶ್ವವಿದ್ಯಾಲಯ ತಿಂಗಳಿಗೆ 75 ರೂಪಾಯಿಯ ಸಂಶೋಧನಾ ವೇತನ ಕೊಟ್ಟಿತು. ಸಂಬಳದ ಎರಡೂವರೆ ಪಟ್ಟು! ಕೇಂಬ್ರಿಜ್ ಆಮೇಲಿನ ಮಾತು. ಇಂದು ನಮ್ಮ ಯಾವ ಎಂ.ಎಸ್ಸಿ. ವಿದ್ಯಾರ್ಥಿಗೆ ಗುಮಾಸ್ತರ ಸಂಬಳದ ಎರಡೂವರೆ ಪಟ್ಟು ಸಿಗುತ್ತದೆ, ಹೇಳಿ ನೋಡೋಣ. ಹೋಗಲಿ, ಅಷ್ಟು ಬೇಡ. ಸಮಯಕ್ಕೆ ಸರಿಯಾಗಿ ಪತ್ರ ಬರೆಯುವ ಒಬ್ಬ ವಾಕರ್ ಸಿಕ್ಕರೆ ಸಾಕು.

ಏಕೆಂದರೆ ದುಡ್ಡು ಇಲ್ಲವೇ ಇಲ್ಲ ಎನ್ನುವಂತಿಲ್ಲ. ಸಾಲದು, ಆದರೆ ಇದೆ. ನೆಟ್ ಪರೀಕ್ಷೆಯಲ್ಲಿ ಕಿರಿಯ ಸಂಶೋಧನಾ ಫೆಲೋಶಿಪ್, ಅಂದರೆ ಜೆಆರ್‌ಎಫ್ ಪಡೆದರೆ 2023ರಿಂದ ತಿಂಗಳಿಗೆ 37,000 ರೂಪಾಯಿ. ಉನ್ನತ ಗಣಿತದ ರಾಷ್ಟ್ರೀಯ ಮಂಡಳಿ, ಅಂದರೆ ಆ 'ಬ್ಯಾಂಕ್ ಪರೀಕ್ಷೆ'ಯ ಎನ್‌ಬಿಎಚ್‌ಎಂ, 1983ರಿಂದ ಇದೆ. ಅದರ ನೆರವಿನಿಂದ ಪ್ರೊ. ಎಸ್. ಕುಮರೇಶನ್ 1993ರಲ್ಲಿ ಆರಂಭಿಸಿದ ಎಂಟಿಟಿಎಸ್ ಎಂಬ ಗಣಿತದ ಬೇಸಿಗೆ ಶಿಬಿರದಲ್ಲಿ ಊಟ, ವಸತಿಗೆ ವಿದ್ಯಾರ್ಥಿ ದುಡ್ಡು ಕೊಡಬೇಕಾಗಿಲ್ಲ. ಅಲ್ಲಿ ಮೇಷ್ಟ್ರು ನೋಟ್ಸ್ ಬರೆಸುವುದಿಲ್ಲ, ಪ್ರಶ್ನೆ ಕೇಳಿ ಕೇಳಿ ವಿದ್ಯಾರ್ಥಿಯಿಂದಲೇ ಉತ್ತರ ಹೊರಡಿಸುತ್ತಾರೆ. ಪ್ರಮೇಯವನ್ನು ಉರುಹೊಡೆದು ಅಂಕ ಗಳಿಸಿದ ನಮ್ಮ ಹುಡುಗರು ಮೊದಲ ವಾರ ಕಕ್ಕಾಬಿಕ್ಕಿಯಾಗುತ್ತಾರೆ. ಆಮೇಲೆ ನೋಡಬೇಕು ಅವರನ್ನು!

ನನ್ನ ಸಿಟ್ಟಿನಲ್ಲಿ ಹೊಟ್ಟೆಕಿಚ್ಚೂ ಬೆರೆತಿದೆ, ಮುಚ್ಚಿಡುವುದೇಕೆ? ಪದವಿ ಓದುವಾಗ ನಾನು ಬಿಡದಿಯಿಂದ ಬೆಂಗಳೂರಿಗೆ ಹೋಗುತ್ತಿದ್ದ ಬಸ್ಸು ಮೈಸೂರು ರಸ್ತೆಯ ಐಎಸ್‌ಐ ಗೇಟಿನ ಮುಂದೆಯೇ ಹಾದುಹೋಗುತ್ತಿತ್ತು. ಭಾರತೀಯ ಸಾಂಖ್ಯಿಕ ಸಂಸ್ಥೆ ಎಂದರೆ ಜನಗಣತಿಯ ಕಚೇರಿ ಇರಬೇಕು ಎಂದುಕೊಂಡಿದ್ದೆ. ಒಳಗೆ ಬೋಧನಾ ಶುಲ್ಕವಿಲ್ಲದೆ ಗಣಿತ ಕಲಿಸಿ, ಮೇಲೆ ತಿಂಗಳ ವೇತನವನ್ನೂ ಕೊಡುತ್ತಾರೆ ಎಂದು ನಮ್ಮ ಕಾಲೇಜಿನಲ್ಲಿ ಒಬ್ಬರೂ ಹೇಳಲಿಲ್ಲ. ಪ್ರವೇಶ ಪರೀಕ್ಷೆಯಲ್ಲಿ ನಾನು ಪಾಸಾಗುತ್ತಿದ್ದೆನೋ ಇಲ್ಲವೋ, ಅದು ಬೇರೆ ಮಾತು. ನಪಾಸಾಗುವ ಅವಕಾಶವಾದರೂ ಸಿಗಬೇಕಿತ್ತು.

"ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಅವರೇ ಹುಡುಕಿಕೊಳ್ಳಲಿ" ಎಂದು ವಿಭಾಗದ ಹಿರಿಯರೊಬ್ಬರು ನಕ್ಕರು. ಏನೆಂದು ಹುಡುಕಬೇಕು ಸ್ವಾಮಿ? ಎನ್‌ಬಿಎಚ್‌ಎಂ ಇರುವುದು ಅಣುಶಕ್ತಿ ಇಲಾಖೆಯ ಕೆಳಗೆ. ಗಣಿತದ ವಿದ್ಯಾರ್ಥಿವೇತನಕ್ಕೆ ಅಣುಶಕ್ತಿ ಇಲಾಖೆಯ ಬಾಗಿಲು ತಟ್ಟಬೇಕೆಂದು ಹಳ್ಳಿಯಿಂದ ಬಂದ ಹುಡುಗಿಗೆ ಕನಸು ಬೀಳಬೇಕೇ? ಹೇಗೋ ಹುಡುಕಿಕೊಂಡಳು ಎನ್ನಿ. ಶಿಫಾರಸು ಪತ್ರವನ್ನು ಮೊಬೈಲ್ ಬರೆದುಕೊಡುತ್ತದೆಯೇ? ಅದಕ್ಕೆ ಮತ್ತೆ ಇವರ ಕೊಠಡಿಯ ಮುಂದೆಯೇ ನಿಲ್ಲಬೇಕು. "ನಾಳೆ ಬಾರಮ್ಮ" ಎನ್ನುವುದನ್ನು ಕೇಳಬೇಕು.

ಮೇಷ್ಟ್ರುಗಳಿಗೂ ಕೆಲಸದ ಹೊರೆ ಇದೆ, ಅರ್ಧಕ್ಕರ್ಧ ಅತಿಥಿ ಉಪನ್ಯಾಸಕರೇ ಎಂದೂ ಹೇಳಿದರು. ನಿಜ. ಆ ಅತಿಥಿ ಉಪನ್ಯಾಸಕರೇ ಎಷ್ಟೋ ಕಡೆ ಇಂಥ ಮಾಹಿತಿಯನ್ನು ಹುಡುಗರಿಗೆ ಮುಟ್ಟಿಸುತ್ತಿರುವುದನ್ನು ಕಂಡಿದ್ದೇನೆ. ಹಾಗಾಗಿ ಆ ಸಬೂಬು ನನ್ನ ಹತ್ತಿರ ನಡೆಯುವುದಿಲ್ಲ.

ಪದವಿ ಕಾಲೇಜುಗಳಲ್ಲಿ ಗಣಿತ ಕಲಿಸುವ ಗೆಳೆಯರೇ, ಇಂದೇ ಎಂಟಿಟಿಎಸ್ ಮತ್ತು ಎನ್‌ಬಿಎಚ್‌ಎಂ ಜಾಲತಾಣಗಳನ್ನು ತೆರೆದು ನೋಡಿ. ತರಗತಿಯಲ್ಲಿ ಬಾಯಿಬಿಟ್ಟು ಹೇಳಿ. ಫಲಕಕ್ಕೆ ಅಂಟಿಸಿ ಕೈತೊಳೆದುಕೊಳ್ಳಬೇಡಿ, ಅದರ ಬೀಗದ ಕೈ ಯಾರ ಹತ್ತಿರ ಇದೆಯೆಂದು ಆ ವಿಭಾಗದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅರ್ಜಿ ತುಂಬಲು ತಿಳಿಯದ ವಿದ್ಯಾರ್ಥಿಗಳಿದ್ದರೆ ನನಗೆ ಬರೆಯಲಿ, ರಾತ್ರಿ ಕುಳಿತು ತುಂಬಿಸುತ್ತೇನೆ. "ವಿಭಾಗದ ಮುಖ್ಯಸ್ಥರ ಮೂಲಕ ಬರಲಿ" ಎಂದು ಮಾತ್ರ ಯಾರೂ ಹೇಳಬೇಡಿ.