ಅನ್ನ ಅಂಟಲೇಬೇಕಾದ ಊರಿನಲ್ಲಿ

ಸೋಮವಾರಪೇಟೆಯ ನಮ್ಮ ಮನೆಯಲ್ಲಿ ಅನ್ನ ಎಂದರೆ ಉದುರುದುರಾಗಿರಬೇಕು. ಅಗುಳಿಗೆ ಅಗುಳು ಅಂಟಿದ ದಿನ ಅಮ್ಮ ಬಡಿಸುವ ಮೊದಲೇ "ಇವತ್ತು ಸ್ವಲ್ಪ ಮುದ್ದೆಯಾಗಿದೆ, ಸುಧಾರಿಸಿಕೊಳ್ಳಿ" ಎಂದು ಜಾಮೀನು ಪಡೆದುಬಿಡುತ್ತಿದ್ದಳು. ಇಂಥ ಸಂಸ್ಕಾರದಲ್ಲಿ ಬೆಳೆದ ನಾನು, ಕೆಲಸದ ನಿಮಿತ್ತ ಹವಾಯಿಯ ಹೊನೊಲುಲುವಿಗೆ ಬಂದ ಎರಡನೆಯ ವರ್ಷದಲ್ಲಿ, ಆಫೀಸಿನವರು ಕಡಲತೀರದಲ್ಲಿ ಇಟ್ಟುಕೊಂಡಿದ್ದ ಶನಿವಾರದ ಊಟಕ್ಕೆ ಹದಿನಾರು ಸ್ಪ್ಯಾಮ್ ಮುಸುಬಿಗಳನ್ನು ಮಾಡಿ ತರುತ್ತೇನೆಂದು ಒಪ್ಪಿಕೊಂಡದ್ದು ಶುದ್ಧ ಅಹಂಕಾರದಿಂದ.

ನೋಡುವುದಕ್ಕೆ ಅದರಲ್ಲಿ ಏನೂ ಇಲ್ಲ. ಒತ್ತಿ ಕೂರಿಸಿದ ಅನ್ನದ ಒಂದು ಸಣ್ಣ ಇಟ್ಟಿಗೆ, ಅದರ ಮೇಲೆ ಸಕ್ಕರೆ ಮತ್ತು ಸೋಯಾ ಸಾಸಿನಲ್ಲಿ ಹೊರಳಿಸಿದ ಡಬ್ಬಿ ಮಾಂಸದ ಒಂದು ಬಿಲ್ಲೆ, ಎರಡನ್ನೂ ಸೇರಿಸಿ ಸೊಂಟಕ್ಕೆ ಪಟ್ಟಿ ಬಿಗಿದಂತೆ ಸುತ್ತಿದ ನೋರಿ, ಅಂದರೆ ಕಾಗದದಂತೆ ಹಾಳೆ ಮಾಡಿ ಒಣಗಿಸಿದ ಕಡಲಪಾಚಿ. ನಮ್ಮೂರ ಬೇಕರಿಯಲ್ಲಿ ಪಫ್ಸ್ ಇರುವಂತೆ ಇಲ್ಲಿಯ ಸಣ್ಣಪುಟ್ಟ ಅಂಗಡಿಗಳ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೆಲ್ಲ ಇದು ಬೆಚ್ಚಗೆ ಕೂತಿರುತ್ತದೆ. ನಮಗೆಲ್ಲ ಸ್ಪ್ಯಾಮ್ ಎಂದರೆ ಇಮೇಲಿನ ಕಸ. ಆ ಕಸಕ್ಕೆ ಹೆಸರು ಬಂದದ್ದೇ ಈ ಡಬ್ಬಿಯಿಂದ ಎಂಬುದು ನನಗೆ ಇಲ್ಲಿಗೆ ಬಂದ ಮೇಲೆ ತಿಳಿಯಿತು. 1937ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಹುಟ್ಟಿದ ಈ ಹಂದಿಮಾಂಸದ ಡಬ್ಬಿ, ಫ್ರಿಜ್ಜಿನ ಹಂಗಿಲ್ಲದೆ ಉಳಿಯುವ ಗುಣದಿಂದಾಗಿ ಎರಡನೆಯ ಮಹಾಯುದ್ಧದ ಸೈನಿಕರೊಂದಿಗೆ ಹವಾಯಿಗೆ ಬಂದಿತು. ಯುದ್ಧ ಮುಗಿದರೂ ಅದು ಮಾತ್ರ ಹಿಂದಿರುಗಲಿಲ್ಲ. ಅದಕ್ಕೂ ಮೊದಲೇ, 19ನೆಯ ಶತಮಾನದಲ್ಲಿ, ಕಬ್ಬಿನ ತೋಟಗಳ ಕೂಲಿಗೆ ಬಂದ ಜಪಾನೀಯರು ಅನ್ನದ ಮುಸುಬಿಯನ್ನು ತಂದಿದ್ದರು. ಇವೆರಡನ್ನೂ ಒಂದುಗೂಡಿಸಿದ ಕೀರ್ತಿಯನ್ನು ಸಾಮಾನ್ಯವಾಗಿ ಕೌವಾಯಿ ದ್ವೀಪದ ಬಾರ್ಬರಾ ಫುನಮುರಾ ಅವರಿಗೆ ಕೊಡುತ್ತಾರೆ. ಅವರು 1980ರ ದಶಕದ ಆರಂಭದಲ್ಲಿ ಅದನ್ನು ಮಾಡಿ ಮಾರುತ್ತಿದ್ದರು. ಅವರ ಕೈಯಲ್ಲಿ ಸಲೀಸಾದದ್ದು ನನ್ನ ಕೈಯಲ್ಲಿ ಮೂರು ದಿನ ಹಿಡಿಯಿತು.

ಗುರುವಾರ ರಾತ್ರಿ ಮೊದಲ ಪ್ರಯೋಗ. ಮನೆಯಲ್ಲಿದ್ದ ಸೋನಾ ಮಸೂರಿಯನ್ನೇ ಒಂದಕ್ಕೆ ಎರಡು ನೀರಿಟ್ಟು, ಮೂರು ಸೀಟಿ ಕೂಗಿಸಿ, ಅಮ್ಮ ಮೆಚ್ಚುವಂಥ ಅನ್ನ ಮಾಡಿದೆ. ಅಚ್ಚಿನಿಂದ ಹೊರಗೆ ಬಂದ ಇಟ್ಟಿಗೆಯನ್ನು ನಾನು ಹೆಮ್ಮೆಯಿಂದ ನೋಡುತ್ತಿದ್ದಂತೆಯೇ ಅದು ಮೊದಲು ಒಂದು ಮೂಲೆಯಲ್ಲಿ, ಆಮೇಲೆ ಇನ್ನೊಂದು ಮೂಲೆಯಲ್ಲಿ ಸದ್ದಿಲ್ಲದೆ ಜಾರಿ, ಮಾಂಸದ ಬಿಲ್ಲೆಯನ್ನು ಹೊತ್ತುಕೊಂಡೇ ತಟ್ಟೆಯ ತುಂಬ ಹರಡಿಕೊಂಡಿತು. ಹೆಂಡತಿ ಇಣುಕಿ ನೋಡಿ, "ಬಿಡ್ರೀ, ಬೆಳಿಗ್ಗೆ ಒಗ್ಗರಣೆ ಹಾಕ್ತೀನಿ" ಎಂದಳು. ಕಡಲಪಾಚಿಯ ಚೂರುಗಳನ್ನು ಉದುರಿಸಿದ ಚಿತ್ರಾನ್ನ ನಾನಂದುಕೊಂಡಷ್ಟು ಕೆಟ್ಟದಾಗೇನೂ ಇರಲಿಲ್ಲ ಎಂಬುದನ್ನು ಪ್ರಾಮಾಣಿಕವಾಗಿ ದಾಖಲಿಸಬೇಕು.

ಶುಕ್ರವಾರ ಕ್ಯಾಲ್‌ರೋಸ್ ಅಕ್ಕಿ ತಂದೆ. ಇದು 1948ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಿಡುಗಡೆಯಾದ ತಳಿ. ಕಾಳು ಮಧ್ಯಮ ಗಾತ್ರದ್ದು, ಬೆಂದ ಮೇಲೆ ಒಂದನ್ನೊಂದು ಬಿಡದೆ ಹಿಡಿದುಕೊಳ್ಳುವುದೇ ಅದರ ಗುಣ. ಅನ್ನ ಸರಿಯಾಯಿತು, ನಾನು ಸರಿಯಿರಲಿಲ್ಲ. ಹಂದಿಮಾಂಸ ನಮ್ಮ ಕಡೆಯವರಿಗೆ ಹೊಸದಲ್ಲ, ಕೊಡಗಿನ ಕಪ್ಪು ಹುಳಿಯಾದ ಕಾಚಂಪುಳಿ ಹಾಕಿ ಕಪ್ಪಗೆ ಬೇಯಿಸಿದ್ದನ್ನು ತಿಂದೇ ದೊಡ್ಡವನಾದವನು ನಾನು; ಆದರೆ ಬುಡ ಮೇಲು ಮಾಡಿದ ಡಬ್ಬಿಯಿಂದ ನಿಟ್ಟುಸಿರಿನಂಥ ಸದ್ದಿನೊಂದಿಗೆ ಜಾರಿ, ಡಬ್ಬಿಯ ಆಕಾರದಲ್ಲಿಯೇ ಅಲುಗದೆ ನಿಂತ ಗುಲಾಬಿ ಬಣ್ಣದ ಆ ವಸ್ತುವನ್ನು ಕಂಡು ಚಾಕು ಹಿಡಿದ ಕೈ ಒಂದು ಕ್ಷಣ ತಡೆಯಿತು. 340 ಗ್ರಾಮಿನ ಡಬ್ಬಿಗೆ ಎಂಟು ಬಿಲ್ಲೆ. ಹುರಿದು, ಸಕ್ಕರೆ ಮತ್ತು ಸೋಯಾ ಸಾಸು ಸುರಿದು, ಪಾಕ ಬರುವಷ್ಟರಲ್ಲಿ ನೋರಿ ಕತ್ತರಿಸೋಣವೆಂದು ಆಚೆ ತಿರುಗಿದೆ. ಬೆಲ್ಲದ ಪಾಕದ ಮುಂದಿನಿಂದ ಏಳಬಾರದೆಂದು ತಿಳಿದಿದ್ದ ನನಗೆ ಇದೂ ಪಾಕವೇ ಎಂಬುದು ಹೊಳೆದದ್ದು ಛಾವಣಿಯ ಹೊಗೆಯ ಅಲಾರಂ ಕಿರುಚಿದಾಗ.

ಎರಡನೆಯ ಡಬ್ಬಿ ಒಡೆದೆ. ಬಾಲ್ಯದಲ್ಲಿ ಶ್ಯಾವಿಗೆ ಒರಳಿನ ಹಿಡಿಯ ಮೇಲೆ ಮೈಭಾರವನ್ನೆಲ್ಲ ಹಾಕಿ ನೇತಾಡುವುದೇ ನನ್ನ ಪಾಲಿನ ಕೆಲಸವಾಗಿದ್ದುದರಿಂದ, ಒತ್ತುವುದೆಂದರೆ ಹಾಗೆಯೇ ಎಂದು ನಂಬಿದ್ದೆ. ಅಚ್ಚಿಗೆ ಬದಲಾಗಿ ಖಾಲಿ ಡಬ್ಬಿಯನ್ನೇ ಬಳಸುವುದು ಇಲ್ಲಿಯ ವಾಡಿಕೆ, ಆದರೆ ಅದರೊಳಗೆ ಮೊದಲು ತೆಳು ಪ್ಲಾಸ್ಟಿಕ್ ಹಾಳೆ ಹಾಸಬೇಕು. ನಾನು ಹಾಸಲಿಲ್ಲ. ಎರಡೂ ಹೆಬ್ಬೆರಳಿನಿಂದ ಜಡಿದು ಕೂರಿಸಿದ ಅನ್ನ ಒಳಗೇ ಠಿಕಾಣಿ ಹೂಡಿತು. ಡಬ್ಬಿಯನ್ನು ಕವುಚಿ ಕುಟ್ಟಿದೆ, ಬೆನ್ನಿಗೆ ಗುದ್ದಿದೆ, ಅಂಚಿನಲ್ಲಿ ಚಾಕು ಆಡಿಸಿದೆ. ಕೊನೆಗೆ ಅದು ಒಮ್ಮೆಲೇ ಹಾರಿ ಸಿಂಕಿಗೆ ಬಿತ್ತು, ಬಿದ್ದರೂ ಒಡೆಯಲಿಲ್ಲ. ಅಷ್ಟು ಹೊತ್ತು ತೆರೆದಿಟ್ಟಿದ್ದ ನೋರಿಯಾದರೋ ಈ ಊರಿನ ತೇವದ ಗಾಳಿಗೆ, ಆಷಾಢದಲ್ಲಿ ಡಬ್ಬದ ಮುಚ್ಚಳ ಹಾಕದೆ ಬಿಟ್ಟ ಹಪ್ಪಳದಂತೆ ಮೆತ್ತಗಾಗಿತ್ತು. ಹೇಗೋ ಆರನ್ನು ಸುತ್ತಿ ಫ್ರಿಜ್ಜಿನಲ್ಲಿಟ್ಟು ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ತಣ್ಣಗಾದ ಅನ್ನ ಸೆಟೆದು ಸೀಮೆಸುಣ್ಣವಾಗಿತ್ತು.

ಪಕ್ಕದ ಮನೆಯ ಆಂಟಿಯ ಬಾಗಿಲು ತಟ್ಟಿದೆ. ವಯಸ್ಸಾದವರನ್ನೆಲ್ಲ ಆಂಟಿ ಎನ್ನುವುದರಲ್ಲಿ ಹವಾಯಿಗೂ ಬೆಂಗಳೂರಿಗೂ ವ್ಯತ್ಯಾಸವಿಲ್ಲ. ಚಪ್ಪಲಿಯನ್ನು ಹೊರಗೆ ಬಿಟ್ಟು ಒಳಗೆ ಬಂದ ಆಕೆ, ನನ್ನ ಆರು ಕಲ್ಲುಗಳಲ್ಲಿ ಒಂದನ್ನು ಎತ್ತಿ ಮೇಜಿಗೆ ಕುಟ್ಟಿ ನೋಡಿ, ಏನೂ ಹೇಳದೆ ಅಕ್ಕಿ ತೊಳೆಯಲು ನಿಂತರು. ಒಂದಕ್ಕೆ ಒಂದೂಕಾಲು ನೀರು, ಬೆಂದ ಮೇಲೆ ಹತ್ತು ನಿಮಿಷ ಮುಚ್ಚಳ ತೆಗೆಯುವಂತಿಲ್ಲ. ಸುಶಿಯಂತೆ ವಿನೆಗರ್ ಹಾಕಲೇ ಎಂದು ಕೇಳಿದ್ದಕ್ಕೆ ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ. ಅಕ್ರಿಲಿಕ್ಕಿನ ಅಚ್ಚನ್ನು ಅವರೇ ತಂದಿದ್ದರು. ಅದನ್ನು ನೀರಿನಲ್ಲಿ ಅದ್ದಿ, ಬಿಸಿ ಅನ್ನ ತುಂಬಿ, ಒತ್ತುಮಣೆಯನ್ನು ನನ್ನ ಕೈಗೆ ಕೊಟ್ಟರು. ನಾನು ಭುಜ ಸಡಿಲಿಸಿ ಸಿದ್ಧನಾದದ್ದನ್ನು ಕಂಡು, "ಮಗುವಿನ ಬೆನ್ನು ತಟ್ಟುವಷ್ಟು ಸಾಕಪ್ಪ" ಎಂದರು. ನೋರಿಯ ನುಣುಪು ಮೈ ಹೊರಗೆ, ಒರಟು ಮೈ ಅನ್ನದ ಕಡೆಗೆ. ತುದಿಗೆ ಒಂದು ಬೆರಳು ನೀರು ಸವರಿ ತುದಿಗಳು ಸೇರುವ ಜಾಗವನ್ನು ಕೆಳಮುಖವಾಗಿ ಇಟ್ಟರೆ ಅದು ತಾನಾಗಿಯೇ ಅಂಟಿಕೊಳ್ಳುತ್ತದೆ.

ಹದಿನಾರೂ ಖರ್ಚಾದವು. ಯಾರೂ ಹೊಗಳಲಿಲ್ಲ, ಮಾತಾಡುತ್ತ ಮಾತಾಡುತ್ತಲೇ ಎರಡನೆಯದಕ್ಕೆ ಕೈ ಹಾಕಿದರು. ಪುರಾವೆಗೆಂದು ಮನೆಯಲ್ಲೇ ಉಳಿಸಿದ್ದ ಹದಿನೇಳನೆಯದನ್ನು ಸಂಜೆ ಐದಕ್ಕೆ, ಅಂದರೆ ಸೋಮವಾರಪೇಟೆಯಲ್ಲಿ ಭಾನುವಾರ ಬೆಳಿಗ್ಗೆ ಎಂಟೂವರೆಗೆ, ವೀಡಿಯೊ ಕರೆಯಲ್ಲಿ ಅಮ್ಮನಿಗೆ ತೋರಿಸಿದೆ. ಅಡ್ಡ ಕತ್ತರಿಸಿ, ಒಂದಗುಳೂ ಅಲುಗದ ಆ ಬಿಳಿ ಗೋಡೆಯನ್ನು ಕ್ಯಾಮೆರಾದ ಹತ್ತಿರ ಹಿಡಿದೆ. ಅಮ್ಮ ಕನ್ನಡಕ ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿದಳು.

"ಇರಲಿ ಬಿಡು ಮಗಾ," ಎಂದಳು. "ನಾಳೆ ನೀರು ಒಂಚೂರು ಕಡಿಮೆ ಇಡು."