ರಂಗದ ಹಾಡಿಗೆ ಮೊದಲು ಮಾತೋ, ಮಟ್ಟೋ?

ಚರ್ಚೆ: ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರಗಳ ಸಂಗೀತ ನಾಟಕಗಳಲ್ಲಿ ಹಾಡು ಕಟ್ಟುವಾಗ ಸಾಹಿತ್ಯವೇ ಮೊದಲು ಬರಬೇಕೆ?

ಪರ: ಹಾಡುವುದು ಪಾತ್ರ, ಅದಕ್ಕೇ ಮಾತು ಮೊದಲು

ಈ ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ. ನಾಟಕದಲ್ಲಿ ಹಾಡುವುದು ಪಾತ್ರ, ಗಾಯಕನಲ್ಲ. ಆ ಪಾತ್ರಕ್ಕೆ ಏನು ಹೇಳಲಿಕ್ಕಿದೆ ಅನ್ನುವುದು ಗೊತ್ತಾಗುವ ಮೊದಲೇ ಹೇಗೆ ಹಾಡಬೇಕೆಂದು ತೀರ್ಮಾನಿಸಿಬಿಟ್ಟರೆ, ಅಳತೆ ತೆಗೆಯದೆ ರವಿಕೆ ಹೊಲಿದ ಹಾಗೆ. ಚೆಂದದ ರವಿಕೆಯೇ ಇರಬಹುದು. ತೊಡುವವಳ ತೋಳಿಗೆ ಹಿಡಿಯಬೇಕಲ್ಲ!

ಸಾಕ್ಷಿಗೆ ಬ್ರಾಡ್‌ವೇ ಸಂಗೀತಗಾರ ರಿಚರ್ಡ್ ರಾಡ್ಜರ್ಸ್ ಒಬ್ಬರೇ ಸಾಕು. ಸುಮಾರು ಕಾಲು ಶತಮಾನ ಅವರು ಲಾರೆಂಜ್ ಹಾರ್ಟ್ ಜೊತೆ ಕೆಲಸ ಮಾಡಿದರು. ಆಗೆಲ್ಲ ಹೆಚ್ಚಾಗಿ ರಾಡ್ಜರ್ಸ್ ಮೊದಲು ಟ್ಯೂನ್ ಮಾಡುವುದು, ಹಾರ್ಟ್ ಅದಕ್ಕೆ ಮಾತು ಕೂಡಿಸುವುದು. ಆಮೇಲೆ ಆಸ್ಕರ್ ಹ್ಯಾಮರ್‌ಸ್ಟೈನ್ ಬಂದರು. ಕ್ರಮ ತಿರುಗಿತು: ಹ್ಯಾಮರ್‌ಸ್ಟೈನ್ ಪೆನ್ಸಿಲ್ವೇನಿಯಾದ ಡಾಯ್ಲ್ಸ್‌ಟೌನ್ ಬಳಿಯ ತಮ್ಮ ತೋಟದಲ್ಲಿ ಎತ್ತರದ ಮೇಜಿನ ಮುಂದೆ ನಿಂತೇ ಬರೆಯುವುದು, ರಾಡ್ಜರ್ಸ್ ಆ ಹಾಳೆ ಕೈಗೆ ಬಂದ ಮೇಲೆ ಪಿಯಾನೋ ಮುಂದೆ ಕೂರುವುದು. ಸಂಗೀತಗಾರ ಅದೇ ಮನುಷ್ಯ, ಬೆರಳು ಅವೇ. ಆದರೆ ‘ಒಕ್ಲಹೋಮಾ!’, ‘ಕ್ಯಾರೊಸೆಲ್’, ‘ಸೌತ್ ಪೆಸಿಫಿಕ್’, ‘ದ ಕಿಂಗ್ ಅಂಡ್ ಐ’ ಹುಟ್ಟಿದ್ದು ಕ್ರಮ ತಿರುಗಿದ ಮೇಲೆ. ಮೊದಲನೆಯದೊಂದೇ 2,212 ಪ್ರದರ್ಶನ ಕಂಡಿತು.

1943ರ ಮಾರ್ಚ್ 31ರಂದು ನ್ಯೂಯಾರ್ಕಿನ ಸೇಂಟ್ ಜೇಮ್ಸ್ ಥಿಯೇಟರಿನಲ್ಲಿ ‘ಒಕ್ಲಹೋಮಾ!’ದ ಪರದೆ ಎದ್ದಾಗ ಕುಣಿಯುವ ಹುಡುಗಿಯರ ಸಾಲು ಇರಲಿಲ್ಲ. ವಯಸ್ಸಾದ ಹೆಂಗಸೊಬ್ಬಳು ಬೆಣ್ಣೆ ಕಡೆಯುತ್ತ ಕೂತಿದ್ದಳು. ದನ ಕಾಯುವ ಯುವಕನೊಬ್ಬ ಬೆಳಗಿನ ಹೊಲದ ಬಗ್ಗೆ ಹಾಡುತ್ತ ಬಂದ. ಮೂಲ ನಾಟಕ ಲಿನ್ ರಿಗ್ಸ್ ಅವರದು. ಅದರ ರಂಗಸೂಚನೆಯಲ್ಲಿದ್ದ ಬೆಳಗಿನ ವರ್ಣನೆ ಹ್ಯಾಮರ್‌ಸ್ಟೈನ್ ಮನಸ್ಸು ಹಿಡಿದಿತ್ತು. ಹಾಡು ಬಂದದ್ದು ಅಲ್ಲಿಂದ. ಜೋಳದ ಎತ್ತರ ಹೇಳಲು ಅವರು ಮೊದಲು ‘ಕುದುರೆಮರಿಯ ಕಣ್ಣಿನಷ್ಟು’ ಅನ್ನುವಂತೆ ಬರೆದಿದ್ದರಂತೆ. ಆಮೇಲೆ ಎದ್ದು ಪಕ್ಕದವರ ಹೊಲಕ್ಕೆ ನಡೆದು ನೋಡಿದರು. ಆಗಸ್ಟ್ ಕೊನೆಗೇ ಜೋಳ ಅದನ್ನು ಮೀರಿ ಬೆಳೆದಿತ್ತು. ಬಂದು ಕುದುರೆಯನ್ನು ಹೊಡೆದು ಹಾಕಿ ಆನೆ ಎಂದು ಬರೆದರು. ಮೂರು ವಾರ ಹಿಡಿಯಿತು ಆ ಹಾಡಿಗೆ. ರಾಡ್ಜರ್ಸ್ ಅದಕ್ಕೆ ರಾಗ ಹಾಕಿದ್ದು ಹತ್ತೇ ನಿಮಿಷದಲ್ಲಿ ಎನ್ನುತ್ತಾರೆ.

ಹತ್ತು ನಿಮಿಷ! ಮಾತು ಸರಿಯಾಗಿ ಕೂತಿದ್ದರೆ ರಾಗವನ್ನು ಹುಡುಕಿಕೊಂಡು ಹೋಗಬೇಕಿಲ್ಲ, ಅದು ಆ ಮಾತಿನ ಒಳಗೇ ಇರುತ್ತದೆ. ಇಡೀ ಚರ್ಚೆ ನನ್ನ ಮಟ್ಟಿಗೆ ಈ ಹತ್ತು ನಿಮಿಷದಲ್ಲಿ ಮುಗಿಯಿತು.

ಟ್ಯೂನ್ ಮೊದಲಾದರೆ ಏನಾಗುತ್ತದೆ ಅನ್ನುವುದಕ್ಕೆ ರಾಡ್ಜರ್ಸ್-ಹಾರ್ಟ್ ಅವರದೇ ‘ಬ್ಲೂ ಮೂನ್’ ನೋಡಿ. ರಂಗಕ್ಕಲ್ಲ, ಹಾಲಿವುಡ್ಡಿಗೆಂದು ಮಾಡಿದ ಟ್ಯೂನದು. ಮೊದಲು ಅದಕ್ಕೆ ಸಿನಿಮಾ ತಾರೆಯಾಗಬೇಕೆಂದು ದೇವರನ್ನು ಬೇಡುವ ಹುಡುಗಿಯ ಮಾತಿತ್ತು. ಅದು ಹೋಗಿ ಎರಡನೆಯದು ಬಂತು, ಮೂರನೆಯದು ಬಂತು, ನಾಲ್ಕನೆಯ ಸಲ ಚಂದ್ರ ಬಂದ. ಒಂದೇ ಗೂಟಕ್ಕೆ ನಾಲ್ಕು ಅಂಗಿ. ಜನಪ್ರಿಯ ಹಾಡಾಗಲು ಅಷ್ಟು ಸಾಕು. ಆದರೆ ರಂಗದ ಮೇಲೆ ನಿಂತವಳ ಹಾಡು ಅವಳದೇ ಆಗಿರಬೇಕು, ಇನ್ನೊಬ್ಬರಿಗೆ ತೊಡಿಸಿದರೆ ಹಿಡಿಯಬಾರದು. ಹಾರ್ಟ್ ಟ್ಯೂನಿಗೆ ಬರೆದೂ ಅದ್ಭುತವಾಗಿ ಬರೆದರಲ್ಲ ಎಂದು ಕೇಳುವವರಿದ್ದಾರೆ. ಹಾರ್ಟ್ ಅಂಥವರು ಯಾವಾಗಲೋ ಒಬ್ಬರು ಹುಟ್ಟುತ್ತಾರೆ. ಅವರನ್ನಿಟ್ಟುಕೊಂಡು ಉಳಿದವರಿಗೆ ದಾರಿ ಹೇಳಲಾಗುವುದಿಲ್ಲ.

ನನಗೆ ಇದು ಪುಸ್ತಕದಲ್ಲಿ ಓದಿ ಬಂದ ಅಭಿಪ್ರಾಯವಲ್ಲ. ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಕೆಲವು ವರ್ಷದ ಹಿಂದೆ ಇಲ್ಲಿ ಗೌರಿ ಹಬ್ಬದ ಕಾರ್ಯಕ್ರಮಕ್ಕೆ ನಾವು ಎಂಟು ಹೆಂಗಸರು ಸೇರಿ ಒಂದು ಸಣ್ಣ ಗೀತನಾಟಕ ಮಾಡಿದ್ದೆವು. ಪರಿಚಯದವರೊಬ್ಬರು ಕೀಬೋರ್ಡಿನಲ್ಲಿ ಟ್ಯೂನ್ ಮಾಡಿ ಕಳಿಸಿದ್ದರು, ಮಾತು ಬರೆಯುವುದು ನನ್ನ ಕೆಲಸ. ಟ್ಯೂನ್ ನಿಜಕ್ಕೂ ಚೆನ್ನಾಗಿತ್ತು. ಎಷ್ಟು ಚೆನ್ನಾಗಿತ್ತೆಂದರೆ ನಾನು ಅದರ ಹಿಂದೆ ಹೋಗಿ ತವರು ಬಿಟ್ಟು ಹೊರಡುವ ಗೌರಿಯ ಬಾಯಿಗೆ ‘ಕೈ ತುಂಬ ಹಸಿರು ಬಳೆ’ ಎಂದು ಬರೆದೆ. ಅಕ್ಷರ ಎಣಿಸಿ ನೋಡಿದರೆ ಸರಿಯಾಗಿ ಕೂತಿತ್ತು. ಆದರೆ ಟ್ಯೂನಿನ ಎತ್ತರದ, ಎಳೆದು ನಿಲ್ಲಿಸುವ ಸ್ವರ ‘ಬ’ದ ಮೇಲೆ ಬೀಳುತ್ತಿತ್ತು. ಕನ್ನಡದಲ್ಲಿ ಹ್ರಸ್ವವನ್ನು ಎಳೆದರೆ ಅದು ದೀರ್ಘವೇ. ಎಂಟು ಜನ ಒಟ್ಟಿಗೆ ಎಳೆದಾಗ ಬಳೆ ಬಾಳೆಯಾಯಿತು. ಕೊನೆಯ ಪ್ರಾಕ್ಟೀಸಿನಲ್ಲಿ ನನಗೆ ಅದು ಕಿವಿಗೆ ಹೊಡೆಯಿತು. ಸ್ವರ ಒಂದನ್ನು ಬದಲಿಸಿಕೊಡಿ ಎಂದು ಕೇಳಿಕೊಂಡೆ. ಟ್ರ್ಯಾಕ್ ರೆಕಾರ್ಡ್ ಆಗಿಹೋಗಿದೆ, ಯಾರಿಗೂ ಗೊತ್ತಾಗುವುದಿಲ್ಲ ಬಿಡಿ ಅಂದರು. ಆ ಸಲ ಮೈಸೂರಿನಿಂದ ಅಮ್ಮ ಬಂದಿದ್ದಳು, ಎರಡನೇ ಸಾಲಿನಲ್ಲಿ ಕೂತಿದ್ದಳು. ಮನೆಗೆ ಹೋಗುವಾಗ ಕಾರಿನಲ್ಲಿ ಮೆಲ್ಲಗೆ ಕೇಳಿದಳು: “ಅಲ್ಲ ಕಣೇ, ತವರು ಬಿಟ್ಟು ಹೋಗೋ ಹೊತ್ತಲ್ಲಿ ಗೌರಿ ಕೈಗೆ ಬಾಳೆಕಾಯಿ ಯಾಕೆ ಬಂತು?” ಅವಳು ತಮಾಷೆಗೆ ಕೇಳಿದ್ದಲ್ಲ. ಹಾಡು ಕೇಳಿ ಕಣ್ಣು ಒರೆಸಿಕೊಳ್ಳಬೇಕಾದವಳು ಆ ಒಂದು ಪದದ ಹತ್ತಿರ ನಿಂತುಬಿಟ್ಟಿದ್ದಳು. ಇವತ್ತಿಗೂ ಆ ಸಾಲು ನೆನಪಾದರೆ ನನಗೆ ಸಂಕಟವಾಗುತ್ತದೆ. ಮಾತು ಮೊದಲು ಬರೆದು ಕೊಟ್ಟಿದ್ದರೆ ಯಾವ ಸಂಗೀತಗಾರರೂ ‘ಬ’ವನ್ನು ಎಳೆಯುತ್ತಿರಲಿಲ್ಲ.

ಹೋದ ವರ್ಷ ಮಗಳ ಹೈಸ್ಕೂಲಿನಲ್ಲಿ ‘ಒಕ್ಲಹೋಮಾ!’ ಮಾಡಿಸಿದರು. ಅವಳಿಗೆ ಸಿಕ್ಕಿದ್ದು ಬೆಣ್ಣೆ ಕಡೆಯುವ ಆಂಟ್ ಎಲರ್ ಪಾತ್ರ. ಕಡೆಯುವುದು ಹೇಗೆ ಎಂದು ನನ್ನನ್ನು ಕೇಳಿದಳು. ನಾನು ಹಗ್ಗ ಸುತ್ತಿ ತಿರುಗಿಸುವ ನಮ್ಮ ಕಡಗೋಲನ್ನು ತೋರಿಸಿಕೊಟ್ಟೆ. ಅವರದು ಹಾಗಲ್ಲವಂತೆ, ಕೋಲನ್ನು ಮೇಲೆ ಕೆಳಗೆ ಕುಟ್ಟುವುದಂತೆ. ಒಂದು ಸಂಜೆ ಅವಳನ್ನು ಕರೆದುಕೊಂಡು ಬರಲು ಹೋದಾಗ ಹಿಂದೆ ನಿಂತು ರಿಹರ್ಸಲ್ ನೋಡಿದೆ. ಮ್ಯೂಸಿಕ್ ಟೀಚರ್ ಪಿಯಾನೋ ಮುಚ್ಚಿಟ್ಟು ದನ ಕಾಯುವವನ ಪಾತ್ರದ ಹುಡುಗನಿಗೆ ಹೇಳಿದರು: ಹಾಡಬೇಡ, ಅಲ್ಲಿ ಕೂತಿದ್ದಾಳಲ್ಲ, ಅವಳಿಗೆ ಹೇಳು. ಹುಡುಗ ಹೊಲದ ಮಂಜಿನ ಬಗ್ಗೆ ಬರೀ ಮಾತಿನಲ್ಲಿ ಹೇಳಿದ. ಇನ್ನೊಂದು ಸಲ ಹೇಳಿದ. ಮೂರನೇ ಸಲಕ್ಕೆ ಅವನ ದನಿ ತಾನಾಗಿ ಏರುವ ಕಡೆ ಏರತೊಡಗಿತು, ಏರಿದ ಜಾಗ ರಾಡ್ಜರ್ಸ್ ಏರಿಸಿದ್ದ ಜಾಗವೇ. ಆಗ ಅವರು ಪಿಯಾನೋ ತೆರೆದರು.

ವಿರೋಧ: ಮಟ್ಟಿಗೂ ಒಂದು ಮಣೆ ಹಾಕಿ

ಈ ಪಕ್ಷ ವಹಿಸಬೇಕೆಂದು ನನ್ನನ್ನು ಕೇಳಿದ್ದಾರೆ, ವಹಿಸಿದ್ದೇನೆ. ಹ್ಯಾಮರ್‌ಸ್ಟೈನ್ ಸಾಲುಗಳೆಂದರೆ ನನಗೂ ಪ್ರೀತಿ. ಮಾತು ಮೊದಲಿದ್ದರೆ ಪಾತ್ರ ಗಟ್ಟಿಯಾಗುತ್ತದೆ ಅನ್ನುವುದರಲ್ಲಿ ಅರ್ಧದಷ್ಟು ನಿಜವಿದೆ ಎಂದೂ ಒಪ್ಪುತ್ತೇನೆ. ಅದನ್ನು ಕಟ್ಟಳೆ ಮಾಡುವುದಕ್ಕೆ ಮಾತ್ರ ನನ್ನ ವಿರೋಧ. ಕಟ್ಟಳೆ ಮಾಡುವವರ ಲೆಕ್ಕದಲ್ಲಿ ಸಂಗೀತಗಾರನೆಂದರೆ ಬರೆದುಕೊಟ್ಟ ಕಾಗದಕ್ಕೆ ಸೀಲು ಹೊಡೆಯುವ ಗುಮಾಸ್ತ.

ಹ್ಯಾಮರ್‌ಸ್ಟೈನರನ್ನೇ ತೆಗೆದುಕೊಳ್ಳಿ. ರಾಡ್ಜರ್ಸ್ ಸಿಗುವ ಮೊದಲು ಅವರು ಸಂಗೀತಗಾರ ಜೆರೋಮ್ ಕರ್ನ್ ಜೊತೆ ದುಡಿದರು. ಅಲ್ಲಿ ಸಾಮಾನ್ಯವಾಗಿ ಟ್ಯೂನೇ ಮೊದಲು. 1927ರ ‘ಶೋ ಬೋಟ್’ ಆ ಜೋಡಿಯದು. ‘ಒಕ್ಲಹೋಮಾ!’ ಬಂದ 1943ರಲ್ಲೇ, ಡಿಸೆಂಬರಿನಲ್ಲಿ, ಹ್ಯಾಮರ್‌ಸ್ಟೈನ್ ಅವರ ‘ಕಾರ್ಮೆನ್ ಜೋನ್ಸ್’ ಬ್ರಾಡ್‌ವೇಗೆ ಬಂತು. ಅದರ ಸಂಗೀತ ಫ್ರೆಂಚ್ ಸಂಗೀತಗಾರ ಬಿಜೆ ಅವರ ‘ಕಾರ್ಮೆನ್’ ಆಪೆರಾದ್ದು. ಬಿಜೆ ತೀರಿಕೊಂಡದ್ದು 1875ರಲ್ಲಿ. ಸ್ವರ ಬದಲಿಸಿಕೊಡಿ ಎಂದು ಕೇಳಲು ಕೂಡ ಮನುಷ್ಯ ಇಲ್ಲ. ಸ್ಪೇನಿನ ಕಥೆಯನ್ನು ಅಮೆರಿಕದ ಕರಿಯ ಜನರ ನಡುವೆ ತಂದಿಟ್ಟು, ಇದ್ದ ಸ್ವರಕ್ಕೆ ಹೊಸ ಪಾತ್ರಗಳ ಮಾತನ್ನು ಅವರು ಕೂರಿಸಿದರು.

ಟ್ಯೂನಿಗೆ ಬರೆಯುವುದು ಸುಲಭದ ದಾರಿ ಎಂದು ತಿಳಿಯುವವರು ಹಾಡು ಬರೆಯುತ್ತಿದ್ದ ಐರಾ ಗರ್ಶ್ವಿನ್ ಪಟ್ಟ ಪಾಡನ್ನು ಓದಬೇಕು. 1930ರ ‘ಗರ್ಲ್ ಕ್ರೇಜಿ’ಗೆ ತಮ್ಮ ಜಾರ್ಜ್ ಒಂದು ಟ್ಯೂನ್ ಕೊಟ್ಟ. ಪಲ್ಲವಿಗೆ ಬೇಕಾದದ್ದು 73 ಅಕ್ಷರ. ಐರಾ ಎರಡು ವಾರಕ್ಕೂ ಹೆಚ್ಚು ಒದ್ದಾಡಿದರು. ಲಯ ನೆನಪಿಟ್ಟುಕೊಳ್ಳಲು ರಾವಿಯೋಲಿ ತಿಂದು ಮೈ ಬೆಳೆಸುವ ಬಗ್ಗೆ ಅರ್ಥವಿಲ್ಲದ ಸಾಲು ಹೊಸೆದುಕೊಂಡರು. ಪ್ರಾಸ ಹಾಕಿದಷ್ಟೂ ಹಾಡು ಹಗುರಾಗುತ್ತಿತ್ತು. ಕೊನೆಗೆ ಪ್ರಾಸ ಬಿಟ್ಟು ಬರೆದಾಗ ‘ಐ ಗಾಟ್ ರಿದಮ್’ ಬಂತು. ಮಾತು ಮೊದಲು ಬರೆದಿದ್ದರೆ ಅವರು ಪ್ರಾಸ ಬಿಡುತ್ತಿದ್ದರೇ? ಬಿಡಿಸಿದ್ದು ಟ್ಯೂನ್.

ಜಾರ್ಜ್ ಗರ್ಶ್ವಿನ್ ಹೆಸರು ಬಂತಲ್ಲ, ನನ್ನ ನಿಜವಾದ ನೋವನ್ನು ಹೇಳಿಬಿಡುತ್ತೇನೆ. 1931ರಲ್ಲಿ ‘ಆಫ್ ದೀ ಐ ಸಿಂಗ್’ ಬಂತು. ಮರುವರ್ಷ ಅದಕ್ಕೆ ಪುಲಿಟ್ಜರ್ ಬಂತು, ಸಂಗೀತ ನಾಟಕವೊಂದಕ್ಕೆ ಮೊಟ್ಟಮೊದಲ ಸಲ. ಪ್ರಶಸ್ತಿ ಸಂಭಾಷಣೆ ಬರೆದ ಜಾರ್ಜ್ ಕಾಫ್‌ಮನ್ ಮತ್ತು ಮಾರಿ ರಿಸ್ಕಿಂಡ್ ಅವರಿಗೆ, ಹಾಡು ಬರೆದ ಐರಾಗೆ. ಸಂಗೀತ ಕೊಟ್ಟವನಿಗೆ ಇಲ್ಲ. ಅದು ನಾಟಕದ ಪ್ರಶಸ್ತಿ, ನಾಟಕವೆಂದರೆ ಮಾತು, ಸಂಗೀತ ಲೆಕ್ಕಕ್ಕಿಲ್ಲ! ಜಾರ್ಜ್ 1937ರಲ್ಲಿ, ಇನ್ನೂ ಮೂವತ್ತೆಂಟು ವರ್ಷಕ್ಕೆ ತೀರಿಕೊಂಡ. ಪುಲಿಟ್ಜರ್‌ನವರು ವಿಶೇಷ ಗೌರವವೆಂದು ಅವನ ಹೆಸರು ಹೇಳಿದ್ದು 1998ರಲ್ಲಿ. ಅಣ್ಣ ಪ್ರಶಸ್ತಿ ತೆಗೆದುಕೊಂಡ ದಿನ ಮನೆಯಲ್ಲಿ ತಮ್ಮ ಎಲ್ಲಿ ಕೂತಿದ್ದನೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ‘ಮಾತು ಮೊದಲು’ ಎಂದು ಯಾರಾದರೂ ಗಟ್ಟಿಯಾಗಿ ಹೇಳಿದಾಗಲೆಲ್ಲ ನನಗೆ ಆ ಮನೆ ನೆನಪಾಗುತ್ತದೆ.

‘ಫಿಡ್ಲರ್ ಆನ್ ದ ರೂಫ್’ ಬಗ್ಗೆಯೂ ಒಂದು ಮಾತು. 1964ರ ಈ ನಾಟಕ 3,242 ಪ್ರದರ್ಶನ ಕಂಡಿತು. ಜೆರಿ ಬಾಕ್ ತಮಗೆ ಹೊಳೆದ ಟ್ಯೂನ್‌ಗಳನ್ನು ಟೇಪಿನಲ್ಲಿ ತುಂಬಿ ಶೆಲ್ಡನ್ ಹಾರ್ನಿಕ್‌ಗೆ ಕಳಿಸುತ್ತಿದ್ದರು. ಹಾರ್ನಿಕ್ ಕೇಳಿ, ಮನಸ್ಸಿಗೆ ಹಿಡಿದದ್ದನ್ನು ಆರಿಸಿ ಮಾತು ಬರೆಯುತ್ತಿದ್ದರು. ಅದರ ನಾಯಕನಾದ ಹಾಲು ಮಾರುವವನ ಹಾಡುಗಳು ಪಾತ್ರಕ್ಕೆ ಹಿಡಿಯಲಿಲ್ಲ ಎಂದು ಯಾರೂ ಹೇಳಲಾರರು.

ಮಾತು ಮೊದಲಾದಾಗ ಎಡವುವುದೂ ಇದೆ. ‘ಕ್ಯಾರೊಸೆಲ್’ನ ಒಂದು ಹಾಡನ್ನು ಹ್ಯಾಮರ್‌ಸ್ಟೈನ್ ‘ಟಾಕ್’ ಎಂಬ ಪದಕ್ಕೆ ಮುಗಿಸಿದರು. ಅರ್ಥ ಸರಿಯಾಗಿದೆ. ಆದರೆ ಕೊನೆಯ ಸ್ವರವನ್ನು ತೆರೆದ ಬಾಯಲ್ಲಿ ಹಿಡಿದು ನಿಲ್ಲಬೇಕಾದ ಗಾಯಕಿಗೆ ‘ಕ್’ ಬಂದು ಗಂಟಲು ಮುಚ್ಚುತ್ತದೆ. ಆ ಹಾಡು ಹೆಚ್ಚು ಜನಪ್ರಿಯವಾಗದ್ದಕ್ಕೆ ಆ ಪದವೇ ಕಾರಣವಿರಬೇಕೆಂದು ಅವರೇ ಆಮೇಲೆ ಬರೆದುಕೊಂಡರು.

ರಾಡ್ಜರ್ಸ್‌ಗಾಗಿ ಮಾತನ್ನೇ ಮೊದಲು ಬರೆಯುತ್ತಿದ್ದ ಕಾಲದಲ್ಲೂ ಹ್ಯಾಮರ್‌ಸ್ಟೈನ್ ಬರಿಗೈಯಲ್ಲಿ ಕೂರುತ್ತಿರಲಿಲ್ಲ. ಯಾವುದೋ ಒಂದು ಮಟ್ಟನ್ನು ತಾವೇ ಕಟ್ಟಿಕೊಂಡು, ಅದನ್ನು ಗುನುಗುತ್ತ ಅದರ ಮೇಲೆ ಸಾಲು ಜೋಡಿಸುತ್ತಿದ್ದರು. ರಾಡ್ಜರ್ಸ್ ಕೈಗೆ ಬರೀ ಹಾಳೆ ಹೋಗುತ್ತಿತ್ತು. ಗುನುಗಿದ್ದು ಡಾಯ್ಲ್ಸ್‌ಟೌನಿನಲ್ಲೇ ಉಳಿಯುತ್ತಿತ್ತು.