ಎಮ್ಮೆಗೆ ಬರೆ ಎಳೆದದ್ದು ಸಾಕು, ಎತ್ತನ್ನು ನೋಡಿ ಸ್ವಾಮಿ

ಬೆರಳುದ್ದದ ಒಂದು ರಬ್ಬರ್ ಪೈಪು. ಅದು ಬಾಗುವ ಜಾಗದಲ್ಲಿ, ಕೆಳಗಡೆ, ಉಗುರಿನಷ್ಟು ಬಿರುಕು. ಇಷ್ಟಕ್ಕೆ ನಾನು ಆರು ವಾರ ಗ್ಯಾರೇಜಿಗೆ ಅಲೆದಿದ್ದೇನೆ. ನಾಲ್ಕು ಸ್ಪಾರ್ಕ್ ಪ್ಲಗ್, ನಾಲ್ಕು ಇಗ್ನಿಷನ್ ಕಾಯಿಲ್, ಒಂದು ಆಕ್ಸಿಜನ್ ಸೆನ್ಸರ್ ಹೊಸದು ಬಂದವು. ಗಾಡಿ ಮಾತ್ರ ಹಾಗೇ ನಡುಗುತ್ತಿತ್ತು. ಈಗ ಸರಿಯಾಗಿದೆ. ನನ್ನ ಸಿಟ್ಟು ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಶುರುವಾಗಿದ್ದು ಹೀಗೆ. ಸ್ಟಾರ್ಟ್ ಮಾಡಿ ಸುಮ್ನೆ ಬಿಟ್ಟರೆ ಆರ್‌ಪಿಎಮ್ ಮುಳ್ಳು ಒಂದು ಕಡೆ ನಿಲ್ಲುತ್ತಿರಲಿಲ್ಲ. 750ರ ಹತ್ತಿರ ತೆಪ್ಪಗೆ ಇರಬೇಕಾದದ್ದು 500ಕ್ಕೆ ಬೀಳುವುದು, 900ಕ್ಕೆ ಏಳುವುದು, ಮತ್ತೆ ಬೀಳುವುದು. ಸ್ಟೀರಿಂಗ್ ಅದುರುತ್ತಿತ್ತು. ಕನ್ನಡಿಯಲ್ಲಿ ಹಿಂದಿನ ಗಾಡಿ ಎರಡೆರಡಾಗಿ ಕಾಣುತ್ತಿತ್ತು. ಆಕ್ಸಿಲರೇಟರ್ ಒತ್ತಿದರೆ ಏನೂ ತೊಂದರೆ ಇಲ್ಲ, ಪಿಕಪ್ ಸರಿಯಾಗಿಯೇ ಇತ್ತು. ಸಿಗ್ನಲ್‌ನಲ್ಲಿ ನಿಂತರೆ ಚಳಿಜ್ವರ. ನಾಲ್ಕನೇ ದಿನ ಹಳದಿ ಎಂಜಿನ್ ಲೈಟ್ ಹತ್ತಿಕೊಂಡಿತು.

ನಿಂತಾಗ ಮಾತ್ರ ನಡುಕ, ಓಡುವಾಗ ಇಲ್ಲ. ಗ್ಯಾರೇಜಿನಲ್ಲಿ ನಾನು ಇದನ್ನೇ ಹೇಳಿದೆ. ಮೂರು ಸಲ ಹೇಳಿದೆ. ಮೆಕ್ಯಾನಿಕ್ ತಲೆ ಆಡಿಸುತ್ತಲೇ ಡ್ಯಾಶ್‌ಬೋರ್ಡ್ ಕೆಳಗೆ ಸ್ಕ್ಯಾನರ್ ಸಿಕ್ಕಿಸಿ, ಪರದೆ ನೋಡಿ, ತೀರ್ಪು ಕೊಟ್ಟೇಬಿಟ್ಟರು. "ಸಾರ್, ಪಿ 0300. ಮಿಸ್‌ಫೈರ್. ಪ್ಲಗ್, ಕಾಯಿಲ್ ಎಲ್ಲಾ ಹೋಗಿವೆ."

ಬಾನೆಟ್ ಎತ್ತಿರಲಿಲ್ಲ. ಒಂದು ಪ್ಲಗ್ಗನ್ನೂ ಬಿಚ್ಚಿ ನೋಡಿರಲಿಲ್ಲ. ಹೋಗಿವೆ ಅಂತೆ.

ಮಿಸ್‌ಫೈರ್ ಅಂದರೆ ಸಿಲಿಂಡರಿನೊಳಗೆ ಪೆಟ್ರೋಲ್ ಸರಿಯಾಗಿ ಹತ್ತದಿರುವುದು. ಕಿಡಿ ಹಾರಿಸುವುದು ಪ್ಲಗ್, ಅದಕ್ಕೆ ಕರೆಂಟ್ ಕೊಡುವುದು ಕಾಯಿಲ್. ಪಿ 0300 ಅನ್ನುವ ಕೋಡ್ ಬಂದರೆ ಯಾವುದೋ ಒಂದು ಸಿಲಿಂಡರ್ ಅಲ್ಲ, ಅಲ್ಲೊಮ್ಮೆ ಇಲ್ಲೊಮ್ಮೆ ಮಿಸ್ ಆಗುತ್ತಿದೆ ಅಂತ. ಎರಡನೇ ಸಿಲಿಂಡರ್ ಒಂದೇ ಆಗಿದ್ದರೆ ಪಿ 0302 ಬರುತ್ತದೆ. ಆಗ ಕಾಯಿಲ್ ಮೇಲೆ ಅನುಮಾನ ಪಡಲಿ, ಬೇಡ ಅಂದವರಾರು? ಅದನ್ನು ನೋಡುವುದಕ್ಕೂ ಹೊಸ ಕಾಯಿಲ್ ಬೇಕಿಲ್ಲ. ಎರಡರದ್ದನ್ನು ಬಿಚ್ಚಿ ಮೂರಕ್ಕೆ ಹಾಕಿ, ಮೂರರದ್ದನ್ನು ಎರಡಕ್ಕೆ ಹಾಕಿ, ಗಾಡಿ ಓಡಿಸಿದರೆ ಆಯಿತು. ಕೋಡ್ ಪಿ 0303 ಆದರೆ ಕಾಯಿಲ್ಲೇ ಕಳ್ಳ. ಆಗಲಿಲ್ಲವೋ, ಬೇರೆ ಕಡೆ ಹುಡುಕಬೇಕು. ಹತ್ತು ನಿಮಿಷದ ಕೆಲಸ. ನಾಲ್ಕೂ ಕಾಯಿಲ್ ಒಂದೇ ವಾರದಲ್ಲಿ ಮಾತಾಡಿಕೊಂಡು ಸಾಯುತ್ತವಾ? ಆದರೂ ನಾಲ್ಕೂ ಬದಲಾದವು. ನಾನೂ ದಡ್ಡ, "ಹಾಕಿ" ಅಂದೆ.

ಗಾಡಿ ವಾಪಸ್ ಬಂದಾಗ ಲೈಟ್ ಇರಲಿಲ್ಲ. ಯಾಕೆ ಇರುತ್ತದೆ? ಕೋಡ್ ಅಳಿಸಿದ್ದರಲ್ಲ! ನನಗೆ ಜಾಸ್ತಿ ಉರಿಯುವುದೇ ಇದು. ಅಳಿಸಿದ ಕೋಡ್ ತಕ್ಷಣ ಮರಳಿ ಬರುವುದಿಲ್ಲ. ಬಹಳಷ್ಟು ತೊಂದರೆಗಳು ಎರಡು ಓಟದಲ್ಲಿ ಕಂಡರೆ ಮಾತ್ರ ಗಾಡಿಯ ಕಂಪ್ಯೂಟರ್ ಲೈಟ್ ಹಚ್ಚುತ್ತದೆ. ಹಾಗಾಗಿ ಗ್ಯಾರೇಜ್ ಗೇಟಿನಲ್ಲಿ ಎಲ್ಲವೂ ಚೆನ್ನ, ಬಿಲ್ ಕಟ್ಟುವಾಗ ಚೆನ್ನ, ಮನೆ ಮುಟ್ಟುವವರೆಗೂ ಚೆನ್ನ. ಅಷ್ಟೇ ಅಲ್ಲ. ಕೋಡ್ ಬಿದ್ದ ಗಳಿಗೆಯಲ್ಲಿ ಎಂಜಿನ್ ಎಷ್ಟು ಬಿಸಿಯಿತ್ತು, ಆರ್‌ಪಿಎಮ್ ಎಷ್ಟಿತ್ತು, ಗಾಡಿ ನಿಂತಿತ್ತೋ ಓಡುತ್ತಿತ್ತೋ, ಎಲ್ಲವನ್ನೂ ಕಂಪ್ಯೂಟರ್ ಬರೆದಿಟ್ಟಿರುತ್ತದೆ. ಫ್ರೀಜ್ ಫ್ರೇಮ್ ಅನ್ನುತ್ತಾರೆ. ಕೋಡ್ ಅಳಿಸಿದರೆ ಅದೂ ಅಳಿಸಿಹೋಗುತ್ತದೆ. ಸಾಕ್ಷಿ ಹೇಳಿಕೆ ಓದದೆ ಒಲೆಗೆ ಹಾಕಿದ ಹಾಗೆ.

ಮೂರನೇ ದಿನ ಲೈಟ್ ಮತ್ತೆ ಹಾಜರ್. ಈ ಸಲ ಪಿ 0171. ಮಿಶ್ರಣ ಲೀನ್, ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಒಂದು ಕೆಜಿ ಪೆಟ್ರೋಲ್ ಸರಿಯಾಗಿ ಉರಿಯಲು 14.7 ಕೆಜಿ ಗಾಳಿ ಬೇಕು. ಅದಕ್ಕಿಂತ ಗಾಳಿ ತೀರಾ ಹೆಚ್ಚಾದರೆ ಕಿಡಿ ಸಿಕ್ಕಿದರೂ ಸರಿಯಾಗಿ ಹತ್ತದೆ ಮಿಸ್ ಆಗುತ್ತದೆ. ಮೊದಲು ಬಂದ ಕೋಡಿಗೂ ಈ ಕೋಡಿಗೂ ನಂಟು ಕಾಣಿಸುತ್ತಿದೆ ಅಲ್ವಾ? ನಿಮಗೆ ಕಾಣಿಸಿತು. ಗ್ಯಾರೇಜಿಗೆ ಕಾಣಿಸಲಿಲ್ಲ. "ಆಕ್ಸಿಜನ್ ಸೆನ್ಸರ್ ಹೋಗಿದೆ ಸಾರ್."

ಅಯ್ಯಾ, ಆ ಸೆನ್ಸರ್ ಸೈಲೆನ್ಸರ್ ದಾರಿಯಲ್ಲಿ ಕೂತು, ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಅಂತ ವರದಿ ಮಾಡುವ ಬಡಪಾಯಿ. ಗಾಳಿ ಜಾಸ್ತಿಯಾಗಿದೆ ಅಂತ ಕೂಗಿತು, ಅದನ್ನೇ ಕಿತ್ತು ಎಸೆದರು! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹೊಸ ಸೆನ್ಸರ್ ಬಂದು ಅದೇ ಜಾಗದಲ್ಲಿ ಕೂತು ಅದೇ ಮಾತನ್ನು ಇನ್ನೂ ಸ್ಪಷ್ಟವಾಗಿ ಕೂಗಿತು.

ಥ್ರಾಟಲ್ ಬಾಡಿ, ಅಂದರೆ ಆಕ್ಸಿಲರೇಟರ್ ಒತ್ತಿದಾಗ ಗಾಳಿಗೆ ತೆರೆಯುವ ಬಾಗಿಲು, ಕ್ಲೀನ್ ಮಾಡಿದರು, ಅದಕ್ಕೆ ನಾನು ಬೈಯುವುದಿಲ್ಲ. ಅಲ್ಲಿ ಮಸಿ ಕಟ್ಟಿದರೂ ಐಡಲ್, ಅಂದರೆ ಗಾಡಿ ನಿಂತಾಗ ಎಂಜಿನ್ ಸುಮ್ನೆ ಓಡುವುದು, ಕೆಡುತ್ತದೆ. ನನ್ನ ಗಾಡಿಯಲ್ಲಿ ಕೆಟ್ಟಿದ್ದು ಅದಲ್ಲ, ಅಷ್ಟೇ.

ಕೊನೆಗೆ ಒಂದು ದಿನ ಗಂಭೀರವಾಗಿ ಕರೆದು ಕೂರಿಸಿದರು. "ಈಸಿಯು ಬದಲಾಯಿಸಬೇಕು ಸಾರ್." ಗಾಡಿಯ ಮಿದುಳನ್ನೇ! ಯೋಚಿಸಿ ಹೇಳುತ್ತೇನೆ ಅಂತ ಎದ್ದು ಬಂದೆ.

ಅಂಗೈಯಲ್ಲಿ ಹಿಡಿಸುವ ಒಂದು ಬ್ಲೂಟೂತ್ ಅಡಾಪ್ಟರ್ ತಂದೆ. ಸ್ಕ್ಯಾನರ್ ಚುಚ್ಚುವ ಅದೇ 16 ಪಿನ್ನಿನ ಸಾಕೆಟ್ಟಿಗೆ ಸಿಕ್ಕಿಸಿ ಫೋನ್ ಜೋಡಿಸಿದೆ. ಕೋಡ್ ಬಿಟ್ಟು ಫ್ಯೂಯಲ್ ಟ್ರಿಮ್ ಅನ್ನುವ ಅಂಕಿ ನೋಡಿದೆ. ಕಂಪ್ಯೂಟರ್ ತನ್ನ ಲೆಕ್ಕಕ್ಕಿಂತ ಎಷ್ಟು ಪರ್ಸೆಂಟ್ ಹೆಚ್ಚು ಅಥವಾ ಕಡಿಮೆ ಪೆಟ್ರೋಲ್ ಬಿಡುತ್ತಿದೆ ಅನ್ನುವುದು ಅದು. ಐಡಲ್‌ನಲ್ಲಿ ಪ್ಲಸ್ 26. ರೇಸ್ ಮಾಡಿ 2500 ಆರ್‌ಪಿಎಮ್‌ನಲ್ಲಿ ಹಿಡಿದರೆ ಪ್ಲಸ್ 5. ಬಿಟ್ಟರೆ ಮತ್ತೆ 26.

ನಿಂತಾಗ ಜ್ವರ, ಓಡುವಾಗ ಇಲ್ಲ. ಮೊದಲ ದಿನ ಬಾಯಿಬಿಟ್ಟು ಹೇಳಿದ್ದನ್ನೇ ಅಂಕಿಯೂ ಹೇಳುತ್ತಿತ್ತು.

ಒಳಗೆ ಹೋಗುವ ಗಾಳಿಯನ್ನು ಮುಂಬಾಗಿಲಲ್ಲಿ ಒಂದು ಸೆನ್ಸರ್ ಎಣಿಸುತ್ತದೆ. ಅದನ್ನು ದಾಟಿದ ಮೇಲೆ ಎಲ್ಲಾದರೂ ತೂತಿದ್ದರೆ, ಹಿತ್ತಿಲ ಬಾಗಿಲಿಂದ ಟಿಕೆಟ್ ಇಲ್ಲದೆ ಗಾಳಿ ನುಗ್ಗುತ್ತದೆ. ಐಡಲ್‌ನಲ್ಲಿ ಥ್ರಾಟಲ್ ಹೆಚ್ಚುಕಡಿಮೆ ಮುಚ್ಚಿರುವುದರಿಂದ ಒಳಗಡೆ ಎಳೆತ ಜೋರು, ಕಳ್ಳಗಾಳಿಯ ಪಾಲೂ ದೊಡ್ಡದು. ಥ್ರಾಟಲ್ ತೆರೆದರೆ ಬರುವ ಗಾಳಿಯ ಮುಂದೆ ಅದು ಲೆಕ್ಕಕ್ಕೇ ಇಲ್ಲ. ವ್ಯಾಕ್ಯೂಮ್ ಲೀಕ್ ಅನ್ನುವುದು ಇದಕ್ಕೇ. ಈ ಅಂಕಿಗಳು ಅವರ ದೊಡ್ಡ ಸ್ಕ್ಯಾನರಿನಲ್ಲೂ ಇದ್ದವು. ಒಂದು ಬಟನ್ ಒತ್ತಿದ್ದರೆ ಸಾಕಿತ್ತು!

ಬಾನೆಟ್ ಎತ್ತಿ, ಎಂಜಿನ್ ಓಡುತ್ತಿರುವಾಗಲೇ, ಒಂದು ಮಾರುದ್ದದ ರಬ್ಬರ್ ಟ್ಯೂಬಿನ ಒಂದು ತುದಿ ಕಿವಿಗೆ ಇಟ್ಟುಕೊಂಡು ಇನ್ನೊಂದನ್ನು ಮೆಲ್ಲಗೆ ಆಡಿಸುತ್ತಾ ಹೋದೆ. ಫ್ಯಾನ್, ಬೆಲ್ಟಿನ ಹತ್ತಿರ ಕೈ ಒಯ್ಯದ ಹಾಗೆ ಹುಷಾರಾಗಿ. ಅಲ್ಲೆಲ್ಲಾ ಬರೀ ಟಕಟಕ. ಸಿಲಿಂಡರುಗಳಿಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡ್ ಹಿಂದೆ ಹೋದಾಗ "ಸ್ಸ್‌ಸ್" ಅಂತ ಕೇಳಿಸಿತು. ಎಂಜಿನ್ ಒಳಗೆ ತುಂಬಿದ ಹೊಗೆಯನ್ನು ಮತ್ತೆ ಉರಿಯಲು ಕಳಿಸುವ ಪಿಸಿವಿ ವಾಲ್ವ್‌ನಿಂದ ಮ್ಯಾನಿಫೋಲ್ಡಿಗೆ ಬರುವ ಪೈಪು. ಮೇಲಿಂದ ನೋಡಿದರೆ ಕರೀ ಬಣ್ಣ, ಸ್ವಲ್ಪ ಎಣ್ಣೆ ಜಿಡ್ಡು, ಏನೂ ಆಗಿಲ್ಲ. ಕೆಳಗಿನಿಂದ ಬೆರಳು ಆಡಿಸಿದೆ. ತುಟಿ ಸೀಳಿದ ಹಾಗೆ ಬಿರುಕು, ಬೆರಳ ತುದಿಯನ್ನೇ ಒಳಗೆ ಎಳೆಯುತ್ತಿತ್ತು. ಹೆಬ್ಬೆರಳಿಂದ ಒತ್ತಿ ಮುಚ್ಚಿದೆ. ನಡುಕ ನಿಂತಿತು. ಫೋನಿನಲ್ಲಿ 26 ಇಳಿಯತೊಡಗಿತು. ಬೆರಳು ತೆಗೆದೆ, ಮತ್ತೆ ಚಳಿಜ್ವರ. ಮತ್ತೆ ಮುಚ್ಚಿದೆ. ಏಳೆಂಟು ಸಲ ಹೀಗೇ ಮಾಡಿರಬೇಕು, ಖುಷಿಗಲ್ಲ, ಸಿಟ್ಟಿಗೆ.

ಪೈಪು ಬದಲಾಯಿಸಲು ಬೇಕಾದದ್ದು ಎರಡು ಕ್ಲಿಪ್ ಮತ್ತು ಒಂದು ಕಟಿಂಗ್ ಪ್ಲೇಯರ್. ಕೋಡನ್ನು ಬೇಕಂತಲೇ ಅಳಿಸಲಿಲ್ಲ. ತೊಂದರೆ ಕಾಣದೆ ಕೆಲವು ಓಟ ಆದ ಮೇಲೆ ಲೈಟ್ ತಾನಾಗೇ ಆರಿತು.

ಇನ್ನೊಂದು ಮಾತು, ಇದು ಸಿಟ್ಟಿನದ್ದಲ್ಲ. ಲೈಟ್ ಸುಮ್ಮನೆ ಉರಿಯುತ್ತಿದ್ದರೆ ನಿಧಾನವಾಗಿ ಹುಡುಕಬಹುದು. ಮಿಣಮಿಣ ಅಂತ ಮಿಟುಕುತ್ತಿದ್ದರೆ ಗಾಡಿ ಓಡಿಸಬೇಡಿ. ಮಿಸ್ಸಿಂಗ್ ಜೋರಾಗಿದೆ ಅಂತ ಅರ್ಥ. ಉರಿಯದ ಪೆಟ್ರೋಲ್, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು ಅದನ್ನೇ ಸುಟ್ಟುಹಾಕುತ್ತದೆ.

ಇವತ್ತು ಬೆಳಿಗ್ಗೆ ಗ್ಯಾರೇಜಿನಿಂದ ಫೋನ್. "ಸಾರ್, ಈಸಿಯು ಆರ್ಡರ್ ಹಾಕಿಬಿಡಲಾ?" ಎಂಜಿನ್ ಐಡಲ್‌ನಲ್ಲಿ ಓಡುತ್ತಿತ್ತು. ಕೇಳಿಸಿಕೊಳ್ಳಲಿ ಅಂತ ಫೋನನ್ನು ಬಾನೆಟ್ ಹತ್ತಿರ ಹಿಡಿದೆ. "ಸಾರ್? ಏನೂ ಕೇಳಿಸ್ತಿಲ್ಲ ಸಾರ್. ಲೈನಲ್ಲಿದ್ದೀರಾ?"